ಜಪಾನಿನ ಮೇಪಲ್ ಮರವೂ ಅದರ ಪೋಷಣೆಯೂ

ಜಪಾನ್ ದೇಶದಲ್ಲಿ ಶರತ್ಕಾಲದ ಆಗಮನವನ್ನು ಸಾರುವ ವೃಕ್ಷಗಳಲ್ಲಿ ಮೇಪಲ್ ಮರವು ಮುಖ್ಯವಾದುದು. ಅಲ್ಲಿನ ಜನರು ಇದನ್ನು ‘ಮೊಮಿಜಿ’ ಎಂದು ಕರೆಯುವರು. ಕ್ಯೋಟೋ ನಗರದ ತೋಫುಕುಜಿ ದೇವಾಲಯದಲ್ಲಿ ನವೆಂಬರ್ ತಿಂಗಳ ಕೊನೆಯ ವೇಳೆಗೆ ಇದರ ಎಲೆಗಳು ಕೆಂಪೇರಲು, ಅದನ್ನು ನೋಡುವುದಕ್ಕೆಂದೇ ಜನರು ನೆರೆಯುವರು. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞನಾದ ಥುನ್‌ಬರ್ಗನು ಜಪಾನಿನಲ್ಲಿದ್ದು ಹಿಂದಿರುಗಿದ ಬಳಿಕ, 1784ರಲ್ಲಿ ಇದಕ್ಕೆ ಏಸರ್ ಪಾಮೇಟಂ ಎಂಬ ಹೆಸರನ್ನಿತ್ತನು. ಎಲೆಯು ಬೆರಳುಗಳನ್ನು ಅಗಲಿಸಿದ ಅಂಗೈಯನ್ನು ಹೋಲುವುದೇ ಈ ಹೆಸರಿಗೆ ಕಾರಣ.

ಈ ಮರದ ಬೀಜಕ್ಕೆ ರೆಕ್ಕೆಯುಂಟು. ಅದನ್ನು ಒದ್ದೆಮರಳಿನೊಡನೆ ಬೆರಸಿ, ಮೂರು ನಾಲ್ಕು ತಿಂಗಳು ಚಳಿಯಲ್ಲಿರಿಸಿದ ಹೊರತು ಚೆನ್ನಾಗಿ ಮೊಳೆಯದು. ಬೀಜದ ಸಸಿಗಳು ತಾಯಿಮರವನ್ನೇ ಹೋಲುವುವೆಂಬ ಭರವಸೆಯಿಲ್ಲ. ಆದಕಾರಣ ಉತ್ತಮ ಜಾತಿಗಳನ್ನು ಬೀಜದ ಸಸಿಗಳ ಮೇಲೆ ಕಸಿಮಾಡಿ ಬೆಳೆಸುವರು. ಕಸಿಗಂಟಿನ ಕೆಳಗಿನಿಂದ ಹೊರಡುವ ಚಿಗುರನ್ನು ಕಂಡೊಡನೆ ಚಿವುಟಿಹಾಕತಕ್ಕದ್ದು. ಬಿಟ್ಟರೆ ಅದು ಬಲಿತು, ಹಣ ಕೊಟ್ಟು ತಂದ ಕೆಂಪುಮರವು ಕೆಲವು ವರ್ಷಗಳಲ್ಲಿ ಸಾಮಾನ್ಯ ಹಸುರುಮರವಾಗಿ ನಿಲ್ಲಬಹುದು.

ನೆಡುವುದಕ್ಕೆ ನೀರು ಬಸಿದುಹೋಗುವ, ಸ್ವಲ್ಪ ಹುಳಿಗುಣದ, ಎಲೆಗೊಬ್ಬರ ಬೆರೆತ ಮಣ್ಣು ಉತ್ತಮ. ಬೆಳಗಿನ ಬಿಸಿಲೂ ಮಧ್ಯಾಹ್ನದ ನೆರಳೂ ಬೀಳುವ ಸ್ಥಳವನ್ನು ಆರಿಸಬೇಕು. ಗುಂಡಿಯು ಬೇರಿನ ಹೆಂಟೆಗಿಂತ ಎರಡು ಮೂರು ಪಾಲು ಅಗಲವಾಗಿರಲಿ. ಆಳವು ಹೆಂಟೆಯಷ್ಟೇ ಸಾಕು. ಬುಡದಲ್ಲಿ ಬೇರು ಅಗಲಿಸುವ ಭಾಗವು ನೆಲದ ಮೇಲೆ ಕಾಣುತ್ತಿರಬೇಕು. ಆಳವಾಗಿ ಹೂತ ಗಿಡಕ್ಕೆ ಬೇರಿನಲ್ಲಿ ಉಸಿರು ಕಟ್ಟಿ, ಅದು ಮೆಲ್ಲಮೆಲ್ಲನೆ ಕೃಶವಾಗುವುದು.

ಎಳೆಯ ಗಿಡವು ಅಲಕ್ಷ್ಯದಿಂದ ಕೆಡುವಂತೆಯೇ ಅತಿಯಾದ ಉಪಚಾರದಿಂದಲೂ ಕೆಡುವುದುಂಟು. ಬೇರು ಮೇಲುಮೇಲೆ ಹರಡುವುದರಿಂದ ಮಣ್ಣು ಒಣಗಕೂಡದು. ಆದರೆ ನೀರು ನಿಲ್ಲಲೂಕೂಡದು. ಎರಡು ಮೂರು ಅಂಗುಲ ದಪ್ಪ ತರಗೆಲೆಯನ್ನು ಬುಡಕ್ಕೆ ತಾಗದಂತೆ ಸುತ್ತಲೂ ಹರಡಿದರೆ ತೇವವು ಉಳಿಯುವುದು. ಬೇಸಗೆಯಲ್ಲಿ ಎಲೆಯಂಚು ಸುಟ್ಟಂತಾದರೆ ಅದು ಬಹುಮಟ್ಟಿಗೆ ಒಣಗಾಳಿ, ಬಿಸಿಲು, ನೀರಿನ ಕೊರತೆ ಇವುಗಳ ಫಲ. ಇದನ್ನು ರೋಗವೆಂದು ಬಗೆದು ಗೊಬ್ಬರವನ್ನು ಸುರಿದರೆ ಹಾನಿಯೇ ಹೆಚ್ಚುವುದು. ಒಂದು ಕೊಂಬೆ ಮಾತ್ರ ಥಟ್ಟನೆ ಬಾಡಿ, ಕತ್ತರಿಸಿದಾಗ ಒಳಮರದಲ್ಲಿ ಕಪ್ಪುಗೆರೆ ಕಂಡರೆ ವರ್ಟಿಸಿಲಿಯಂ ಎಂಬ ಬೂಷ್ಟುರೋಗವನ್ನು ಶಂಕಿಸಬೇಕು. ಇದಕ್ಕೆ ಗುಣಪಡಿಸುವ ಔಷಧವಿಲ್ಲ. ಒಣಗಿದ ಕೊಂಬೆಯನ್ನು ಕಡಿದು ಸುಟ್ಟು, ಕತ್ತಿಯನ್ನು ಶುದ್ಧಿಮಾಡಬೇಕು. ಮರ ಸತ್ತರೆ ಅದೇ ಸ್ಥಳದಲ್ಲಿ ಮತ್ತೆ ಮೇಪಲನ್ನು ನೆಡಕೂಡದು.

ವಸಂತದ ಮುನ್ನ ರಸವೇರುವಾಗ ಕೊಂಬೆ ಕಡಿದರೆ ಗಾಯದಿಂದ ರಸವು ಸೋರುವುದು. ಆದುದರಿಂದ ಎಲೆಯುದುರಿದ ಮೇಲೆ, ಚಳಿಗಾಲದ ಮೊದಲ ಭಾಗದಲ್ಲಿ ಸವರುವುದು ಲೇಸು.

ಕನ್ನಡನಾಡಿನ ಬಯಲುಸೀಮೆಯ ತೋಟಗಾರರು ಒಂದು ಮಾತನ್ನು ನೆನಪಿಡತಕ್ಕದ್ದು. ಈ ಮರಕ್ಕೆ ಎಲೆಯುದುರಿಸಿ ಮಲಗುವಷ್ಟು ಚಳಿಗಾಲ ಬೇಕು. ಹಗಲು ಬಿಸಿಲು, ರಾತ್ರಿ ತಂಪು ಸೇರಿದಾಗಲೇ ಎಲೆಯ ಹಸುರು ಅಳಿದು ಕೆಂಪು ಚೆನ್ನಾಗಿ ಮೂಡುವುದು. ಚಳಿ ಸಾಲದ ನೆಲದಲ್ಲಿ ಎಷ್ಟು ಆರೈಕೆ ಮಾಡಿದರೂ ಮರವು ಸೊರಗುವುದು ಸಹಜ. ಚಿತ್ರದ ಸೊಬಗಿಗೆ ಮನಸೋತು ಗಿಡಕ್ಕೆ ಹಣ ತೆರುವ ಮೊದಲು ತನ್ನ ಊರಿನ ಹವೆಯನ್ನು ವಿಚಾರಿಸುವುದೇ ಜಾಣತನ.