ಆಟದ ಕಂಪ್ಯೂಟರಿಗೆ ಎಷ್ಟು ರ‍್ಯಾಮ್, ಎಂಥ ರ‍್ಯಾಮ್?

ಕಂಪ್ಯೂಟರಿನಲ್ಲಿ ಆಟ ನಡೆಯುತ್ತಿರುವಾಗ ಪರದೆಯ ಚಿತ್ರ ಒಂದು ಕ್ಷಣ ತಡೆದು ಮುಂದೆ ಸರಿದರೆ ಪ್ರೊಸೆಸರ್ ಹಳತಾಯಿತೆಂದೇ ಹೆಚ್ಚಿನವರು ತಿಳಿಯುತ್ತಾರೆ; ಆದರೆ ಅಂಥ ಎಷ್ಟೋ ಕ್ಷಣಗಳಲ್ಲಿ ಪ್ರೊಸೆಸರ್ ದಣಿದಿರುವುದಿಲ್ಲ, ತನಗೆ ಬೇಕಾದ ಮಾಹಿತಿ ಇನ್ನೂ ಬಾರದೆ ಸುಮ್ಮನೆ ಕಾಯುತ್ತಿರುತ್ತದೆ. ಈ ಕಾಯುವಿಕೆ ಎಲ್ಲಿ ಹುಟ್ಟುತ್ತದೆಂಬುದು ತಿಳಿದರೆ, ಹಣವನ್ನು ಆ ಮಾಹಿತಿಯನ್ನು ತಾತ್ಕಾಲಿಕವಾಗಿ ಹಿಡಿದಿಡುವ ಮೆಮೊರಿಯಾದ ರ‍್ಯಾಮ್‌ನ ಗಾತ್ರಕ್ಕೆ ಹಾಕಬೇಕೋ ವೇಗಕ್ಕೆ ಹಾಕಬೇಕೋ ಎಂಬುದೂ ತಿಳಿಯುತ್ತದೆ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ 2025ರ ಕೊನೆಯಲ್ಲಿ ಮೆಮೊರಿಯ ಬೆಲೆ ತೀವ್ರವಾಗಿ ಏರಿದ್ದರಿಂದ, ಆಂಧ್ರಪ್ರದೇಶದ ಉರುಕುಂದ, ಕೌತಾಳಂ, ಆದೋನಿಯಂಥ ಕಡೆ ಕುಳಿತು ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಆನ್‌ಲೈನಿನಲ್ಲೋ ಬಿಡಿಭಾಗ ತರಿಸಿಕೊಳ್ಳುವವರಿಗೆ ತಪ್ಪು ಆಯ್ಕೆ ಮೊದಲಿಗಿಂತ ದುಬಾರಿಯಾಗಿದೆ.

ಐಬಿಎಂ ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್ 1966ರಲ್ಲಿ ಕಲ್ಪಿಸಿ 1968ರಲ್ಲಿ ಪೇಟೆಂಟ್ ಪಡೆದ ಮೆಮೊರಿ ಕೋಶವೇ ಇಂದಿನ ರ‍್ಯಾಮ್‌ಗೂ ಮೂಲ. ಅದರಲ್ಲಿರುವುದು ಒಂದು ಟ್ರಾನ್ಸಿಸ್ಟರ್ ಮತ್ತು ವಿದ್ಯುದಂಶವನ್ನು ಹಿಡಿದಿಡುವ ಒಂದು ಪುಟ್ಟ ಕೆಪಾಸಿಟರ್ ಮಾತ್ರ. ಆ ವಿದ್ಯುದಂಶ ಸದಾ ಸೋರುತ್ತಿರುವುದರಿಂದ ಅದನ್ನು ಮತ್ತೆ ಮತ್ತೆ ತುಂಬಬೇಕಾಗುತ್ತದೆ. ಡಿಡಿಆರ್4 ರ‍್ಯಾಮ್‌ನಲ್ಲಿ ಪ್ರತಿ ಕೋಶವೂ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಹೀಗೆ ಮರುಪೂರಣಗೊಳ್ಳುತ್ತದೆ, ಚಿಪ್ಪಿನ ಬಿಸಿ 85 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸೋರಿಕೆ ಹೆಚ್ಚುವುದರಿಂದ 32 ಮಿಲಿಸೆಕೆಂಡಿಗೊಮ್ಮೆ ತುಂಬಬೇಕಾಗುತ್ತದೆ.

ಗಾತ್ರದ ಪ್ರಶ್ನೆಯನ್ನೇ ಮೊದಲು ಕೇಳಬೇಕು. ಸೆಕೆಂಡಿಗೆ 60 ಚಿತ್ರ ಮೂಡಬೇಕಾದರೆ ಒಂದು ಚಿತ್ರಕ್ಕೆ ದೊರೆಯುವ ಕಾಲ ಸುಮಾರು 16.7 ಮಿಲಿಸೆಕೆಂಡು. ರ‍್ಯಾಮ್‌ನಿಂದ ಮಾಹಿತಿ ಬರಲು ಹಿಡಿಯುವುದು 100 ನ್ಯಾನೊಸೆಕೆಂಡಿನ ಆಸುಪಾಸು, ಅಂದರೆ ಸೆಕೆಂಡಿನ ಒಂದು ಕೋಟಿಯಲ್ಲೊಂದು ಭಾಗ. ರ‍್ಯಾಮ್ ತುಂಬಿಹೋದಾಗ ಕಾರ್ಯಾಚರಣ ವ್ಯವಸ್ಥೆ ಅದರಲ್ಲಿನ ಮಾಹಿತಿಯ ಕೆಲವು ತುಂಡುಗಳನ್ನು, ಅಂದರೆ ಪುಟಗಳನ್ನು, ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮರಳಿ ತರುತ್ತದೆ. ಹಾಗೆ ತರಲು ಎಸ್‌ಎಸ್‌ಡಿಗೆ ನೂರಾರು ಪಟ್ಟು ಹೆಚ್ಚು ಕಾಲ ಬೇಕು, ತಿರುಗುವ ಹಾರ್ಡ್‌ಡಿಸ್ಕಿಗಾದರೆ ಸುಮಾರು 10 ಮಿಲಿಸೆಕೆಂಡು ಬೇಕು. ಒಂದೇ ಒಂದು ಪುಟಕ್ಕಾಗಿ ಹಾರ್ಡ್‌ಡಿಸ್ಕನ್ನು ಕಾದರೂ ಒಂದು ಚಿತ್ರದ ಕಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆದುಹೋಗುತ್ತದೆ, ಎಷ್ಟೇ ವೇಗದ ರ‍್ಯಾಮ್ ಕೊಂಡರೂ ಆ ನಷ್ಟವನ್ನು ತುಂಬಲಾಗದು. ರಾಕ್‌ಸ್ಟಾರ್ ಸಂಸ್ಥೆಯ ಬೆಂಗಳೂರು ಸ್ಟುಡಿಯೋ ಕೂಡ ಪಾಲ್ಗೊಂಡು ರೂಪಿಸಿದ 'ರೆಡ್ ಡೆಡ್ ರಿಡೆಂಪ್ಶನ್ 2' ಆಟ 2019ರಲ್ಲಿ ಕಂಪ್ಯೂಟರಿಗೆ ಬಂದಾಗ ಕನಿಷ್ಠ 8 ಜಿಬಿ, ಶಿಫಾರಸಾಗಿ 12 ಜಿಬಿ ಕೇಳಿತ್ತು. ಆಟದ ಜೊತೆಗೆ ವಿಂಡೋಸ್, ಬ್ರೌಸರ್, ಧ್ವನಿ ಹರಟೆಯ ತಂತ್ರಾಂಶಗಳೂ ಅದೇ ಮೆಮೊರಿಯನ್ನು ಹಂಚಿಕೊಳ್ಳುವುದರಿಂದ, ಇಂದು 16 ಜಿಬಿಯನ್ನು ತಳಮಟ್ಟವೆಂದೂ 32 ಜಿಬಿಯನ್ನು ನೆಮ್ಮದಿಯ ಮಟ್ಟವೆಂದೂ ಎಣಿಸುವುದು ನ್ಯಾಯ. ಅಗತ್ಯಕ್ಕಿಂತ ಹೆಚ್ಚಿನ ಮೆಮೊರಿಯಿಂದ ಆಟದ ವೇಗ ಹೆಚ್ಚದು.

ಗಾತ್ರ ಸಾಕಷ್ಟಿದ್ದ ಮೇಲೆ ವೇಗದ ವಿಚಾರ ಬರುತ್ತದೆ. ಜಾಹೀರಾತುಗಳು ಓದುಗರನ್ನು ಹೆಚ್ಚು ದಾರಿ ತಪ್ಪಿಸುವುದೂ ಇಲ್ಲಿಯೇ. ಪೆಟ್ಟಿಗೆಯ ಮೇಲಿನ 3200 ಅಥವಾ 6000 ಎಂಬ ಅಂಕಿ ಸೆಕೆಂಡಿಗೆ ಎಷ್ಟು ದಶಲಕ್ಷ ಬಾರಿ ಮಾಹಿತಿ ಸಾಗಬಲ್ಲದೆಂಬುದನ್ನು ಹೇಳಿದರೆ, ಅದರ ಪಕ್ಕದ ಸಿಎಲ್ ಎಂಬ ಅಂಕಿ ಕೋರಿಕೆ ತಲುಪಿದ ಮೇಲೆ ಮೊದಲ ಮಾಹಿತಿ ಹೊರಬೀಳುವ ಮುನ್ನ ಎಷ್ಟು ಗಡಿಯಾರ ಮಿಡಿತಗಳು ಕಳೆಯುತ್ತವೆಂಬುದನ್ನು ಹೇಳುತ್ತದೆ. ಸಿಎಲ್ ಅಂಕಿಯನ್ನು 2000ದಿಂದ ಗುಣಿಸಿ ವೇಗದ ಅಂಕಿಯಿಂದ ಭಾಗಿಸಿದರೆ ಮೇಲೆ ಹೇಳಿದ 100 ನ್ಯಾನೊಸೆಕೆಂಡಿನ ಒಂದು ಭಾಗವಷ್ಟೇ ಆದ ಈ ವಿಳಂಬ ನ್ಯಾನೊಸೆಕೆಂಡುಗಳಲ್ಲಿ ದೊರೆಯುತ್ತದೆ: ಸಿಎಲ್ 16ರ 3200 ಡಿಡಿಆರ್4 ರ‍್ಯಾಮ್‌ಗೂ ಸಿಎಲ್ 30ರ 6000 ಡಿಡಿಆರ್5 ರ‍್ಯಾಮ್‌ಗೂ ಅದು 10 ನ್ಯಾನೊಸೆಕೆಂಡೇ ಆಗಿದ್ದು, ಸಿಎಲ್ 40ರ 4800 ಡಿಡಿಆರ್5 ರ‍್ಯಾಮ್‌ಗೆ 16.7ಕ್ಕೆ ಏರುತ್ತದೆ. ಹೊಸ ತಲೆಮಾರಿನ ಅಗ್ಗದ ರ‍್ಯಾಮ್ ಈ ಒಂದು ಅಳತೆಯಲ್ಲಿ ಹಳೆಯ ಉತ್ತಮ ರ‍್ಯಾಮ್‌ಗಿಂತ ಹಿಂದುಳಿಯುವುದು ಹೀಗೆ.

ವೇಗದ ಅಂಕಿಗಿಂತ ಹೆಚ್ಚಿನ ಫಲವನ್ನು ಅನೇಕ ಸಲ ಮೆಮೊರಿಯ ಜೋಡಿ ಪಟ್ಟಿಗಳು (ಸ್ಟಿಕ್) ಕೊಡುತ್ತವೆ. 3200ರ ಒಂದು ಪಟ್ಟಿ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸುತ್ತದೆ. ಮದರ್‌ಬೋರ್ಡಿನ ಎರಡು ಬೇರೆ ಚಾನೆಲ್‌ಗಳಲ್ಲಿ ಒಂದೊಂದು ಪಟ್ಟಿ ಇಟ್ಟರೆ ಅದು 51.2 ಜಿಬಿ ಆಗುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲಾಗದೆ ರೈಜೆನ್ 5 5600ಜಿಯಂಥ, ಚಿತ್ರ ಬಿಡಿಸುವ ಭಾಗವೂ ಒಳಗೇ ಇರುವ ಪ್ರೊಸೆಸರನ್ನು ನೆಚ್ಚಿಕೊಂಡ ವಿದ್ಯಾರ್ಥಿಗೆ ಈ ದುಪ್ಪಟ್ಟು ಬಹಳ ದೊಡ್ಡದು, ಏಕೆಂದರೆ ಅಲ್ಲಿ ಚಿತ್ರಗಳ ಮಾಹಿತಿಯೂ ಇದೇ ರ‍್ಯಾಮ್‌ನಿಂದಲೇ ಹರಿಯಬೇಕು. ಆದ್ದರಿಂದ 16 ಜಿಬಿಯ ಒಂಟಿ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿಗಳೇ ಮೇಲು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದು ಆಟದ ಭಾರವೆಲ್ಲ ಅದರ ಮೇಲೇ ಬೀಳುತ್ತಿದ್ದರೆ, ರ‍್ಯಾಮ್‌ನ ವೇಗ ಹೆಚ್ಚಿಸಿದರೂ ಕಣ್ಣಿಗೆ ಕಾಣುವ ವ್ಯತ್ಯಾಸ ಅಲ್ಪ.

ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್ನುಗಳಿದ್ದರೂ ಕಚ್ಚಿನ ಜಾಗ ಬೇರೆಯಾದ್ದರಿಂದ ಒಂದರ ಗೂಡಿನಲ್ಲಿ ಇನ್ನೊಂದು ಕೂರುವುದಿಲ್ಲ. ಕೊಳ್ಳುವ ಮುನ್ನ ಮದರ್‌ಬೋರ್ಡಿನ ಹೆಸರನ್ನು ನೋಡಿಕೊಳ್ಳಲೇಬೇಕು. ಜೋಡಿಸಿದ ಮೇಲೂ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಆಯ್ಕೆಯನ್ನು ಸಕ್ರಿಯಗೊಳಿಸದಿದ್ದರೆ ಪಟ್ಟಿ ತನ್ನ ಮೂಲ ವೇಗದಲ್ಲಷ್ಟೇ ನಡೆಯುತ್ತದೆ, ಹೆಚ್ಚಿನ ವೇಗಕ್ಕೆ ತೆತ್ತ ಹಣ ವ್ಯರ್ಥವಾಗುತ್ತದೆ. ಆ ಆಯ್ಕೆ ಡಿಡಿಆರ್4 ಪಟ್ಟಿಯ ವೋಲ್ಟೇಜನ್ನು ನಿಗದಿತ 1.2ರಿಂದ ಬಹಳಷ್ಟು ಸಲ 1.35ಕ್ಕೆ ಏರಿಸುವುದರಿಂದ ಬಿಸಿಯೂ ಹೆಚ್ಚುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಆದೋನಿ ಸೀಮೆಯಲ್ಲಿ, ಫ್ಯಾನಿನ ಗಾಳಿಯೂ ಬಿಸಿಯಾಗಿರುವಾಗ, ಮೊದಲು ಹೇಳಿದ ಸೋರಿಕೆ ಹೆಚ್ಚಿ, ತಂಪಾದ ಕೋಣೆಯಲ್ಲಿ ಸ್ಥಿರವಾಗಿದ್ದ ವೇಗದಲ್ಲೇ ಮೆಮೊರಿ ತಪ್ಪು ಮಾಡತೊಡಗಬಹುದು. ಹೀಗಾಗಿ ಮೆಮೊರಿ ಪರೀಕ್ಷೆಯ ಉಚಿತ ತಂತ್ರಾಂಶವಾದ ಮೆಮ್‌ಟೆಸ್ಟ್86 ಅನ್ನು ರಾತ್ರಿಯಲ್ಲಲ್ಲ, ಏಪ್ರಿಲ್–ಮೇ ತಿಂಗಳ ನಡುಮಧ್ಯಾಹ್ನದಲ್ಲಿ ಕೆಲವು ಗಂಟೆ ಓಡಿಸಿ ನೋಡಿ, ಒಂದೇ ಒಂದು ದೋಷ ಕಂಡರೂ ವೇಗವನ್ನು ಒಂದು ಮೆಟ್ಟಿಲು ಇಳಿಸುವುದು ಸೂಕ್ತ.