ಮುಂಗಾಲಿಯ ಋಜುತ್ವ

ಮೈಸೂರಿನಲ್ಲಿ 1961ರಿಂದ ಜಾವಾ ಮೋಟಾರು ಬೈಸಿಕಲ್ಲುಗಳನ್ನೂ ಅನಂತರ ಯೆಜ್ಡಿಗಳನ್ನೂ ನಿರ್ಮಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಬಾಗಿಲು ಮುಚ್ಚಿದ ತರುವಾಯವೂ ಆ ವಾಹನಗಳು ನಮ್ಮ ರಸ್ತೆಗಳಿಂದ ಸಂಪೂರ್ಣವಾಗಿ ಕಣ್ಮರೆಯಾಗದಿರುವುದಕ್ಕೆ ಊರೂರಿನ ಮೇಸ್ತ್ರಿಗಳ ಹಸ್ತಕೌಶಲವೇ ಪ್ರಧಾನ ಕಾರಣವೆಂಬುದು ನನ್ನ ದೃಢವಾದ ಅಭಿಪ್ರಾಯ. ಎಂಜಿನ್ನನ್ನು ಬಿಚ್ಚಿ ಕಟ್ಟುವವನಿಗೆ ಸಲ್ಲುವ ಗೌರವವು, ಮುಂಗಾಲಿಯನ್ನು ಹಿಡಿದ ಫೋರ್ಕು ಓರೆಯಾದಾಗ ಅದನ್ನು ನೆಟ್ಟಗೆ ನಿಲ್ಲಿಸುವವನಿಗೆ ಸಲ್ಲುವುದು ಅಪೂರ್ವ. ಆದರೆ ಸವಾರನ ಪ್ರಾಣವು ನಿಂತಿರುವುದು ಈತನ ವಿವೇಚನೆಯ ಮೇಲೆಯೇ.

ವಾಹನವು ಒಮ್ಮೆ ಉರುಳಿಬಿದ್ದ ಮೇಲೆ, ಗಾಲಿಯು ನೇರವಾಗಿ ಚಲಿಸುತ್ತಿದ್ದರೂ ಹ್ಯಾಂಡಲು ಒಂದು ಪಾರ್ಶ್ವಕ್ಕೆ ತಿರುಗಿಕೊಂಡೇ ಇರುವುದನ್ನು ಕಂಡು, ‘ಫೋರ್ಕ್ ಬೆಂಡಾಗಿದೆ’ ಎಂದು ಜನರು ಕಳವಳಗೊಳ್ಳುವುದುಂಟು. ಬಹುಮಟ್ಟಿಗೆ ಅದು ಬಾಗಿರುವುದಿಲ್ಲ, ತಿರುಚಿಕೊಂಡಿರುತ್ತದೆ. ಮೇಲಿನ ಮತ್ತು ಕೆಳಗಿನ ಅಡ್ಡಪಟ್ಟಿಗಳು ಫೋರ್ಕಿನ ಕಾಲುಗಳಾದ ಎರಡು ಉಕ್ಕಿನ ಕೊಳವೆಗಳನ್ನು ಕೇವಲ ಬೋಲ್ಟುಗಳ ಬಿಗಿತದಿಂದ ಹಿಡಿದಿರುವುದರಿಂದ, ಗಾಲಿಗೆ ಪಕ್ಕದಿಂದ ಆಘಾತವಾದಾಗ ಆ ಹಿಡಿತವು ಜಾರಿ, ಒಂದು ಕಾಲು ಕಿಂಚಿತ್ ಮುಂದಕ್ಕೂ ಮತ್ತೊಂದು ಹಿಂದಕ್ಕೂ ಸರಿಯುತ್ತದೆ. ಇದನ್ನು ಬಲದಿಂದ ಎಳೆದು ಸರಿಪಡಿಸಹೊರಡುವುದು ಅವಿವೇಕ. ಬಲ್ಲವನು ಮೊದಲು ಸಡಿಲಿಸುತ್ತಾನೆ: ಮಡ್‌ಗಾರ್ಡಿನ ತಿರುಪುಗಳು, ಅಚ್ಚಿನ ಬಿಗಿತ, ಅಡ್ಡಪಟ್ಟಿಗಳ ಬೋಲ್ಟುಗಳು. ಆಮೇಲೆ ಗಾಲಿಯನ್ನು ಮೊಣಕಾಲುಗಳ ನಡುವೆ ಭದ್ರವಾಗಿ ಹಿಡಿದು ಹ್ಯಾಂಡಲನ್ನು ನೇರಕ್ಕೆ ತಿರುಗಿಸಿ, ನಯವಾದ ಸಪಾಟು ಗಾಜಿನ ತುಂಡೊಂದನ್ನು ಎರಡು ಕೊಳವೆಗಳಿಗೂ ಅಡ್ಡಲಾಗಿ ಒತ್ತಿ ಪರೀಕ್ಷಿಸುತ್ತಾನೆ. ಗಾಜು ಎಲ್ಲಿಯೂ ಅಲುಗದೆ ಕುಳಿತರೆ ಕೊಳವೆಗಳು ಒಂದೇ ಸಮತಲದಲ್ಲಿವೆ. ಒಂದು ಮೂಲೆ ಎದ್ದು ಕುಲುಕಿದರೆ ತಿರುಚು ಇನ್ನೂ ಉಳಿದಿದೆ. ಅನಂತರ ಅಡ್ಡಪಟ್ಟಿಗಳನ್ನು ಬಿಗಿದು, ಮುಂಬ್ರೇಕನ್ನು ಹಿಡಿದು ಫೋರ್ಕನ್ನು ಹಲವು ಬಾರಿ ಅದುಮಿ, ಎರಡು ಕಾಲುಗಳೂ ತಮ್ಮ ಸಹಜಸ್ಥಾನದಲ್ಲಿ ನೆಲೆಗೊಂಡ ಬಳಿಕವಷ್ಟೇ ಅಚ್ಚಿನ ಕ್ಲ್ಯಾಂಪನ್ನು ಬಿಗಿಯುವನು. ಈ ಕೊನೆಯ ಕ್ರಮವನ್ನು ಅವಸರದಿಂದ ಬಿಟ್ಟವನ ಕೈಯಲ್ಲಿ ಕಾಲುಗಳು ಒಂದನ್ನೊಂದು ಸೆಳೆದು, ಫೋರ್ಕು ಸರಾಗವಾಗಿ ಕುಗ್ಗದೆ ತಡೆತಡೆದು ಇಳಿಯುತ್ತದೆ.

ನಿಜವಾಗಿಯೇ ಬಾಗಿದ ಕೊಳವೆಯ ವಿಚಾರ ಬೇರೆ. ಅದನ್ನು ಕಳಚಿ, ವಿ ಆಕಾರದ ಆಸರೆಗಳ ಮೇಲಿರಿಸಿ ಮೆಲ್ಲನೆ ಉರುಳಿಸುತ್ತ ಡಯಲ್ ಗೇಜಿನ ಮುಳ್ಳನ್ನು ನೋಡಿದರೆ ವಕ್ರತೆಯ ಪ್ರಮಾಣವು ಗೋಚರವಾಗುತ್ತದೆ. ಅಲ್ಪವಾದ ಬಾಗನ್ನು ಒತ್ತುಯಂತ್ರದಲ್ಲಿ ತೆಗೆಯುವ ನಿಪುಣರಿದ್ದಾರೆ, ಅವರ ಕೈಚಳಕಕ್ಕೆ ನಮಸ್ಕಾರ. ಆದರೆ ಮಡಿಕೆ ಬಿದ್ದ, ಬಿರುಕು ಕಂಡ ಅಥವಾ ಕ್ರೋಮಿನ ಲೇಪ ಎದ್ದ ಕೊಳವೆಯನ್ನು ನೆಟ್ಟಗೆ ಮಾಡುವುದು ಅಪಾಯವನ್ನು ಮರೆಮಾಚಿದಂತೆಯೇ ಸರಿ. ದುರ್ಬಲಗೊಂಡ ಲೋಹವು ಮತ್ತೆ ಬಾಗುವುದು ಸುಲಭ, ಎದ್ದ ಲೇಪವು ಆಯಿಲ್ ಸೀಲನ್ನು ಕೊಯ್ಯುತ್ತದೆ. ಅಂತಹುದನ್ನು ತ್ಯಜಿಸಲೇಬೇಕು.

ಆದ್ದರಿಂದ ಓದುಗರಲ್ಲಿ ನನ್ನದೊಂದು ವಿನಂತಿ: ಬಿದ್ದ ಗಾಡಿಯನ್ನು ಮೇಸ್ತ್ರಿಗೆ ಒಪ್ಪಿಸುವಾಗ ಹ್ಯಾಂಡಲು ನೇರವಾದುದಷ್ಟಕ್ಕೇ ತೃಪ್ತರಾಗದೆ, ಕೊಳವೆಗಳನ್ನೂ ಹ್ಯಾಂಡಲು ತಿರುಗುವ ಬೇರಿಂಗಾದ ಕೋನ್ ಸೆಟ್ಟನ್ನೂ ಚಾಸಿಯ ಕತ್ತನ್ನೂ ಪರೀಕ್ಷಿಸುವಂತೆ ಕೇಳಿ, ಆ ಶ್ರಮಕ್ಕೆ ತಕ್ಕ ಕೂಲಿಯನ್ನು ಚೌಕಾಸಿಯಿಲ್ಲದೆ ಕೊಡಿ.