ಎಚ್ಚರಿಕೆ ಬಂದಿತ್ತು, ಕಣ್ಣಿಗೆ ಬೀಳಲಿಲ್ಲ

ದೀಪಾವಳಿಯ ಗದ್ದಲದಲ್ಲಿ ಗಲ್ಲೆಯ ಮೇಲೆ ಕುಳಿತವನನ್ನು ಹತ್ತು ಜನ ಒಮ್ಮೆಲೇ ಕೂಗಿದರೆ ಯಾರ ಮಾತು ಕಿವಿಗೆ ಬಿದ್ದೀತು? ವ್ಯಾಪಾರಸ್ಥ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2013ರಲ್ಲಿ ಅಮೆರಿಕದ ಟಾರ್ಗೆಟ್ ಎಂಬ ದೊಡ್ಡ ಅಂಗಡಿ ಸಂಸ್ಥೆಗೆ ಆದದ್ದು ಹೆಚ್ಚುಕಡಿಮೆ ಇದೇ.

ಅಂಗಡಿಗಳ ತಂಪು ಯಂತ್ರಗಳ ಕೆಲಸ ನೋಡುತ್ತಿದ್ದ ಒಬ್ಬ ಗುತ್ತಿಗೆದಾರರ ಪಾಸ್‌ವರ್ಡ್ ಕದ್ದು ಕಳ್ಳರು ಒಳಹೊಕ್ಕರು. ಬಿಲ್ಲು ಮಾಡುವ ಯಂತ್ರಗಳಲ್ಲಿ ಕಳ್ಳ ತಂತ್ರಾಂಶವನ್ನು ಅಡಗಿಸಿಟ್ಟರು. ಗಿರಾಕಿ ಕಾರ್ಡು ಎಳೆದೊಡನೆ ಅದರ ನಂಬರು ಅವರ ಪಾಲು. ನವೆಂಬರ್ 27ರಿಂದ ಡಿಸೆಂಬರ್ 15ರೊಳಗೆ ಸುಮಾರು 4 ಕೋಟಿ ಕಾರ್ಡುಗಳ ವಿವರ ಹೋಯಿತು.

ಕಾವಲು ಇರಲಿಲ್ಲವೇ? ಇತ್ತು. ನವೆಂಬರ್ 30ರಂದೇ ಎಚ್ಚರಿಕೆ ಮೂಡಿತ್ತು. ಅದನ್ನು ಕಂಡವರು ನಮ್ಮ ಬೆಂಗಳೂರಿನಲ್ಲಿ ಹಗಲಿರುಳು ಪರದೆ ಕಾಯುತ್ತಿದ್ದ ನೌಕರರು. ಅವರು ಮಿನಿಯಾಪೊಲಿಸ್‌ನ ಮುಖ್ಯ ಕಚೇರಿಗೆ ತಿಳಿಸಿದರೆಂದು 2014ರಲ್ಲಿ ಅಮೆರಿಕದ ಪತ್ರಿಕೆಗಳು ಬರೆದವು. ಅಲ್ಲಿಯವರು ನೋಡಿದರು, ಕೂಡಲೇ ಕೈಹಾಕುವ ವಿಷಯವಲ್ಲವೆಂದು ಬಿಟ್ಟರು. ಡಿಸೆಂಬರ್ 12ರಂದು ಸರ್ಕಾರದವರೇ ತಿಳಿಸುವವರೆಗೆ ಕಳವು ನಡೆದೇ ಇತ್ತು.

ಬರೀ ಆಲಸ್ಯವೆಂದು ಬೈದರೆ ಮುಗಿಯುವುದಿಲ್ಲ. ಇಂಥ ಪರದೆಗಳ ಮೇಲೆ ದಿನಕ್ಕೆ ಸಾವಿರಾರು ಎಚ್ಚರಿಕೆಗಳು ಸಾಲುಗಟ್ಟಿ ಇಳಿಯುತ್ತವೆ, ಬಹುಪಾಲು ಸುಳ್ಳು. ಟಾರ್ಗೆಟ್‌ಗೆ ಬಂದ ಎಚ್ಚರಿಕೆಯ ಹೆಸರೂ 'ಮಾಲ್‌ವೇರ್ ಡಾಟ್ ಬೈನರಿ' ಎಂಬ ಸಾಮಾನ್ಯ ಹೆಸರು. ಕಡತದಲ್ಲಿ 'ಇತರೆ' ಎಂದು ಬರೆದ ಹಾಗೆ.

ಆದ್ದರಿಂದ ಪರದೆಯ ವಿನ್ಯಾಸವೇ ಈಗ ಒಂದು ವಿದ್ಯೆ. ರೋಜಕೀರ್ದಿಯನ್ನೆಲ್ಲ ಓದಿ ಯಾವ ಮಾಲಿಕನೂ ಅಂಗಡಿಯ ಸ್ಥಿತಿ ತಿಳಿಯುವುದಿಲ್ಲ, ತಾಳೆಪಟ್ಟಿ ಕೇಳುತ್ತಾನೆ. ಹಾಗೆಯೇ ಒಳ್ಳೆಯ ಪರದೆ ಒಂದೇ ಯಂತ್ರದ ಐವತ್ತು ದೂರುಗಳನ್ನು ಒಂದು ಸಾಲಾಗಿ ಕಟ್ಟುತ್ತದೆ, ದಿನನಿತ್ಯದ ನಡೆಯನ್ನು ಮಬ್ಬು ಬಣ್ಣದಲ್ಲಿಟ್ಟು ಅದರಿಂದ ದಾರಿ ತಪ್ಪಿದ್ದನ್ನು ಮಾತ್ರ ಎದ್ದು ಕಾಣಿಸುತ್ತದೆ. ನಡುರಾತ್ರಿ ಯಾವ ಯಂತ್ರ, ಎಂದೂ ಮಾತಾಡದ ಯಾವ ಊರಿನೊಡನೆ, ಎಷ್ಟು ಮಾಹಿತಿ ಸಾಗಿಸಿತು ಎಂಬುದು ಒಂದೇ ನೋಟಕ್ಕೆ ಸಿಗಬೇಕು. ಬಣ್ಣವೊಂದನ್ನೇ ನಂಬುವಂತಿಲ್ಲ, ಏಕೆಂದರೆ ಕೆಂಪು ಹಸಿರುಗಳ ಭೇದ ಕಾಣದ ಗಂಡಸರು ಎಲ್ಲೆಡೆ ಇದ್ದಾರೆ, ಆಕಾರವೂ ಬೇರೆಯಿರಬೇಕು. ತಿರುಗುವ ಭೂಗೋಳದ ಮೇಲೆ ಬಾಣಗಳು ಹಾರುವ ನಕ್ಷೆಗಳೂ ಇವೆ. ನನಗಂತೂ ಅವು ಬಂದ ಅತಿಥಿಗಳಿಗೆ ತೋರಿಸುವ ಬಾಣಬಿರುಸು.

ಇನ್ನೊಂದು ಸಂಗತಿಯಿದೆ: ಪರದೆ ಸುಮ್ಮನಾದರೆ ಅದೂ ಕಾಣಬೇಕು. 2016ರ ಫೆಬ್ರವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನಲ್ಲಿ ವಿದೇಶಿ ಹಣದ ವ್ಯವಹಾರಗಳನ್ನು ಅಚ್ಚುಮಾಡುತ್ತಿದ್ದ ಪ್ರಿಂಟರ್ ನಿಂತುಹೋಯಿತು. ಕಳ್ಳರೇ ನಿಲ್ಲಿಸಿದ್ದರು. ಎಂದಿನ ಕೆಡುಕೆಂದು ನೌಕರರು ಭಾವಿಸಿದರು, ಅಂದು ಶುಕ್ರವಾರ, ಅಲ್ಲಿ ವಾರದ ರಜೆ. ಪ್ರಿಂಟರ್ ಮತ್ತೆ ಕಾಗದ ಉಗುಳುವ ಹೊತ್ತಿಗೆ 8 ಕೋಟಿ 10 ಲಕ್ಷ ಡಾಲರು ಮನಿಲಾ ಸೇರಿತ್ತು.